ಏಳನೇ ಟ್ರಯಲ್‌ನ ನೀರು

ಸಿಟ್ಟಿನಲ್ಲಿ ಬರೆದದ್ದನ್ನು ಹರಿದು ಬಿಸಾಕುವ ಸೌಕರ್ಯ ನಮ್ಮ ಕೆಲಸದಲ್ಲಿಲ್ಲ. ಔಷಧಿ ತಯಾರಿಸುವ ಜಾಗಕ್ಕೆ ಸೇರಿದ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ರೆಕಾರ್ಡಿನಲ್ಲಿ ತಪ್ಪು ಬರೆದರೆ ಗೀಚಬಾರದು, ಅಳಿಸಬಾರದು, ಮೇಲೆ ಬಿಳಿ ಬಳಿಯಬಾರದು. ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ ತಾರೀಕು ಹಾಕಬೇಕು. ಕೆಳಗಿನ ತಪ್ಪು ಯಾರು ಬೇಕಾದರೂ ಓದುವ ಹಾಗೆ ಉಳಿದಿರಬೇಕು. ಹೊಸಬರಿಗೆ ಈ ಪಾಠ ಮಾಡುವವಳು ನಾನೇ. ಮಾಡಿ ಮಾಡಿ ನನಗೆ ಬಾಯಿಪಾಠವಾಗಿದೆ, ಕೇಳುವವರಿಗೆ ಆಕಳಿಕೆ ಬರುತ್ತದೆ.

ನಮ್ಮದು ಹುಳಿಮಾವಿನ ಒಳರಸ್ತೆಯೊಂದರಲ್ಲಿ ಎರಡಂತಸ್ತಿನ ಸಣ್ಣ ಲ್ಯಾಬು. ದೊಡ್ಡ ಕಂಪನಿಯವರು ಔಷಧಿಯ ಪುಡಿ ಕಳಿಸುತ್ತಾರೆ, ಅದಕ್ಕೆ ಹೊರಗಿನಿಂದ ತೆಳುವಾದ ಲೇಪ ಕೊಡುವ ವಿಧಾನವನ್ನು ನಾವು ಹುಡುಕಿ ಕೊಡುತ್ತೇವೆ. ಮಕ್ಕಳ ಔಷಧಿಗಳದ್ದೇ ಹೆಚ್ಚು. ಕಹಿ ಪುಡಿಯ ಒಂದೊಂದು ಕಣಕ್ಕೂ ಬೇರೆ ಬೇರೆಯಾಗಿ ಅಂಗಿ ತೊಡಿಸಿದರೆ ನಾಲಿಗೆಗೆ ಕಹಿ ತಟ್ಟುವುದಿಲ್ಲ, ಹೊಟ್ಟೆಗೆ ಹೋದ ಮೇಲೆ ಅಂಗಿ ಕರಗುತ್ತದೆ. ಇಷ್ಟೇ ವಿದ್ಯೆ. ಮಾಡುವ ಮಶೀನು ಆಳೆತ್ತರದ ಸ್ಟೀಲಿನ ಕೊಳಗ. ಕೆಳಗಿನಿಂದ ಬಿಸಿಗಾಳಿ ನುಗ್ಗಿ ಪುಡಿಯನ್ನು ಚಿಮ್ಮಿಸುತ್ತದೆ, ನಡುವೆ ಒಂದು ಸಣ್ಣ ಮೂತಿ ಲೇಪದ ನೀರನ್ನು ಸಿಂಪಡಿಸುತ್ತದೆ. ಕಣ ಒದ್ದೆಯಾಗಬೇಕು, ಪಕ್ಕದ ಕಣಕ್ಕೆ ತಗಲುವ ಮೊದಲೇ ಒಣಗಬೇಕು. ಒಣಗುವ ಮೊದಲು ತಗಲಿತೋ, ಗಂಟು. ಉಪ್ಪಿಟ್ಟಿಗೆ ರವೆ ಸುರಿಯುವಾಗ ಕೈ ನಿಂತರೆ ಆಗುತ್ತದಲ್ಲ, ಅದೇ ಗಂಟು. ಉಪ್ಪಿಟ್ಟಿನ ಗಂಟನ್ನು ಸೌಟಿನಿಂದ ಒಡೆದು ತಿನ್ನಬಹುದು. ಇಲ್ಲಿ ಗಂಟಾದರೆ ಬ್ಯಾಚೇ ಹೋಯಿತು.

ಆ ಮಶೀನನ್ನು ನಡೆಸುವವರು ನನಗಿಂತ ಐದಾರು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಅನ್ನುತ್ತೇನೆ, ಅವರು ನನ್ನನ್ನು ಮೇಡಂ ಅನ್ನುತ್ತಾರೆ. ಸುಬ್ರಹ್ಮಣ್ಯಪುರದ ಹಳೇ ಮನೆತನದವರು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಇವರದೇ ಮೂರಂತಸ್ತಿನ ಕಟ್ಟಡವಿದೆ, ಅದರ ತುಂಬ ಬಾಡಿಗೆಯವರಿದ್ದಾರೆ. ಅವರಿಗೆ ಈ ಕೆಲಸ ಬೇಕಾಗಿಯೇ ಇಲ್ಲ. ಸಂಬಳ ನೆಚ್ಚಿಕೊಂಡಿರುವವಳು ನಾನು, ಅವರಲ್ಲ. ಹಾಗೆಂದು ನಾನು ಕೆಣಕಿದಾಗಲೆಲ್ಲ ಅವರು ನಕ್ಕು, ಮನೆಯಲ್ಲಿ ಕೂತರೆ ಮೋಟರು ಕೆಟ್ಟಿದೆ, ನಲ್ಲಿ ಸೋರುತ್ತಿದೆ ಎಂದು ಬಾಡಿಗೆಯವರು ಜೀವ ತಿನ್ನುತ್ತಾರೆ, ಇಲ್ಲಾದರೆ ಕೆಡುವುದು ಒಂದೇ ಮಶೀನು ಅನ್ನುತ್ತಿದ್ದರು. ಅದು ಮೇಲಿನ ಮಾತು. ಅವರು ಮಶೀನಿನ ಗಾಜಿನ ಕಿಂಡಿಗೆ ಅಂಗೈ ಇಟ್ಟು ನಿಲ್ಲುವುದನ್ನು ನೋಡಿದವರಿಗೆ ನಿಜ ಗೊತ್ತಿತ್ತು. ಪುಡಿ ಚಿಮ್ಮುವ ಸದ್ದು ಒಂದಿಷ್ಟು ಮಂದವಾದರೂ ಅವರು ತಲೆ ಎತ್ತುತ್ತಿದ್ದರು. ಮೀಟರಿನ ಮುಳ್ಳು ಅಲುಗುವುದು ಅದಾದ ಮೇಲೆ.

ಕೋಟಿಂಗ್ ಅಂದರೆ ಅವರ ಕೈ ಎಂದು ಲ್ಯಾಬಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಆ ಒಂದು ಹೆಸರು. ಅದನ್ನು ನಾನು ಎರಡು ಸಾಲಿನಲ್ಲಿ ಕೆಡಿಸಿದೆ.

ಆ ಸಲ ಬಂದದ್ದು ರಂಗೋಲಿ ಪುಡಿಗಿಂತ ನುಣುಪಾದ ಔಷಧಿ. ಕಹಿಯೆಂದರೆ ಬೇವಿಗೂ ನಾಚಿಕೆಯಾಗಬೇಕು. ಕಣ ಸಣ್ಣದಾದಷ್ಟೂ ಒಂದಕ್ಕೊಂದು ಅಂಟಿಕೊಳ್ಳುವುದು ಜಾಸ್ತಿ. ಮೊದಲ ನಾಲ್ಕು ಟ್ರಯಲ್‌ಗಳೂ ಗಂಟಾದವು. ನಾನು ಗಾಳಿಯ ಬಿಸಿ ಏರಿಸಿದೆ, ಇಳಿಸಿದೆ, ಸಿಂಪಡಿಸುವ ವೇಗ ಕಡಿಮೆ ಮಾಡಿದೆ. ಲೇಪಕ್ಕೆ ಬಳಸುವ ಅಂಟಿನ ಪುಡಿಯನ್ನು ಮಾತ್ರ ಮುಟ್ಟಲಿಲ್ಲ. ಆ ಲೇಪದ ಫಾರ್ಮುಲಾ ನನ್ನದು, ಎಷ್ಟೋ ಔಷಧಿಗಳಿಗೆ ಕೈಕೊಡದೆ ನಡೆದದ್ದು. ಅದರ ಮೇಲೆ ನನಗೆ ಹೆತ್ತವರ ಕುರುಡು ಪ್ರೀತಿ.

ಐದು ಮತ್ತು ಆರನೇ ಟ್ರಯಲ್ ನಡೆದ ದಿನಗಳಲ್ಲಿ ನಾನು ಮೇಲಿನ ಮಹಡಿಯಲ್ಲಿ ಮೀಟಿಂಗಿನಲ್ಲಿದ್ದೆ. ಅವರೊಬ್ಬರೇ ಮಶೀನು ನಡೆಸಿದ್ದರು. ಎರಡೂ ಗಂಟಾದವು. ಡೈರೆಕ್ಟರು ಕಾರಣ ಕೇಳಿದರು, ಕಂಪನಿಯವರಿಗೆ ಊಟದ ಹೊತ್ತಿಗೆ ಉತ್ತರ ಹೋಗಬೇಕಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅವತ್ತು ಹಸಿವೂ ಸೇರಿತ್ತು. ಎರಡು ರೆಕಾರ್ಡುಗಳ ಕೊನೆಯಲ್ಲೂ ಬರೆದೆ: ಕಾರಣ, ಆಪರೇಟರ್ ತಪ್ಪು, ಸಿಂಪಡಿಸುವ ವೇಗದ ಮೇಲೆ ಹಿಡಿತ ತಪ್ಪಿದೆ.

ನಮ್ಮಲ್ಲಿ ಒಂದು ನಿಯಮವಿದೆ. ಒಬ್ಬರ ಹೆಸರಿಗೆ ಹೀಗೆ ಮೂರು ಸಲ ಬಿದ್ದರೆ ಅವರನ್ನು ಮಶೀನಿನಿಂದ ತೆಗೆದು ಪ್ಯಾಕಿಂಗಿಗೆ ಹಾಕುತ್ತಾರೆ. ಆಪರೇಟರೂ ಓದಿ ಒಪ್ಪಿಕೊಂಡು ಸಹಿ ಹಾಕಬೇಕು. ಅವರು ನಿಧಾನವಾಗಿ ಓದಿದರು, ಜೇಬಿನಿಂದ ಪೆನ್ನು ತೆಗೆದರು. ಸಹಿ ಮಾಡುವ ಮೊದಲು ಒಂದೇ ಮಾತು ಕೇಳಿದರು.

"ಮೇಡಂ, ನೀವು ನೋಡಿದ್ರಾ?"

ನೋಡುವುದೇನಿದೆ, ಗಂಟು ಕಾಣುತ್ತಿಲ್ಲವೇ ಅಂದೆ. ಅವರು ಎರಡೂ ಕಡೆ ಸಹಿ ಮಾಡಿ ಪೆನ್ನಿಗೆ ಕ್ಯಾಪು ಹಾಕಿ ಹೋದರು. ನಾನು ಊಟಕ್ಕೆ ಹೋದೆ.

ಏಳನೇ ಟ್ರಯಲ್ ದಿನ ಬೆಳಿಗ್ಗೆಯಿಂದಲೇ ಅವಸರ. ಹನ್ನೆರಡರೊಳಗೆ ಮುಗಿಯಲೇಬೇಕು ಎಂದು ಮೆಟ್ಟಿಲ ಮೇಲಿಂದಲೇ ಅವರ ಮೇಲೆ ಕೂಗಾಡಿ ಹೋಗಿದ್ದೆ. ಹನ್ನೆರಡಕ್ಕೆ ಇಳಿದು ಬಂದು ನೋಡಿದರೆ ಕಣ್ಣನ್ನೇ ನಂಬಲಾಗಲಿಲ್ಲ. ಪುಡಿ ಬಿಡಿಬಿಡಿಯಾಗಿ, ಜರಡಿಯ ಮೇಲೆ ಒಂದು ಗಂಟೂ ನಿಲ್ಲದೆ ಸುರಿಯಿತು. ಎರಡು ಡಿಗ್ರಿ ಬಿಸಿ ಕಡಿಮೆ ಮಾಡಿದ್ದು ನಾನೇ ತಾನೇ ಎಂದು ಬೆನ್ನು ತಟ್ಟಿಕೊಂಡೆ. ಎಲ್ಲರಿಗೂ ಮೈಸೂರ್‌ಪಾಕ್ ತರಿಸಿದೆ. ಅಣ್ಣ ಮಾತ್ರ ತಮ್ಮ ತುಂಡನ್ನು ಪೇಪರಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ಸಕ್ಕರೆ ಕಾಯಿಲೆಯಿರಬೇಕು ಅಂದುಕೊಂಡೆ.

ಮಾರನೆಯ ದಿನ ಎಂಟನೇ ಟ್ರಯಲ್. ಗೆದ್ದ ಆಟವನ್ನು ನೋಡುವ ಆಸೆಯಿಂದ ಈ ಸಲ ಮಶೀನಿನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತೆ. ಅದೇ ಪುಡಿ, ಅದೇ ಅಂಟು, ಅದೇ ಬಿಸಿ. ಒಂದು ಗಂಟೆ ಕಳೆಯುವಷ್ಟರಲ್ಲಿ ಗಾಜಿನ ಹಿಂದೆ ಪುಡಿ ಭಾರವಾಗಿ ಕುಸಿಯತೊಡಗಿತು. ಅಣ್ಣ ಸದ್ದಿನಿಂದಲೇ ತಿಳಿದು ಸಿಂಪಡಿಸುವ ವೇಗ ಇಳಿಸಿದರು, ಗಾಳಿ ಏರಿಸಿದರು, ಫಿಲ್ಟರ್ ಕೊಡವಿದರು. ನಾನೇ ಆಗಿದ್ದರೂ ಅದನ್ನೇ, ಅದಕ್ಕಿಂತ ಸ್ವಲ್ಪ ತಡವಾಗಿ ಮಾಡುತ್ತಿದ್ದೆ. ಆದರೂ ಗಂಟಾಯಿತು. ಅವರ ಕೈಯಲ್ಲಿ ಒಂದೇ ಒಂದು ತಪ್ಪೂ ನಡೆಯಲಿಲ್ಲ. ಅದನ್ನು ನಾನು ಕಣ್ಣಾರೆ ಕಂಡೆ. ಹಾಗಾದರೆ ಐದು, ಆರರಲ್ಲಿ ನಡೆದದ್ದೂ ಇದೇ ಇರಬೇಕಲ್ಲ.

ಡೈರೆಕ್ಟರ ಲೆಕ್ಕ ಸುಲಭದ್ದು. ಏಳು ಚೆನ್ನಾಗಿ ಬಂದಿದೆ, ಎಂಟು ಕೆಟ್ಟಿದೆ, ಫಾರ್ಮುಲಾ ಒಂದೇ, ಉಳಿದದ್ದು ಕೈ. ಮೂರನೇ ಎಂಟ್ರಿಯನ್ನು ಸೋಮವಾರ ಬರೆದು ಕೊಡಿ, ಅವರು ಪ್ಯಾಕಿಂಗ್ ನೋಡಿಕೊಳ್ಳಲಿ, ವಯಸ್ಸೂ ಆಯಿತು ಅಂದರು. ನಾನು ಪಕ್ಕದಲ್ಲೇ ಕೂತಿದ್ದೆ ಸಾರ್ ಅಂದೆ. ಹಾಗಾದರೆ ಕಾರಣ ನೀವೇ ಹುಡುಕಿಕೊಡಿ ಮೇಡಂ ಎಂದು ಅವರು ಕೈತೊಳೆದುಕೊಂಡರು. ಅದು ಶುಕ್ರವಾರ.

ಪ್ರತಿ ಟ್ರಯಲ್‌ನ ಲೇಪದ ನೀರನ್ನೂ ಒಂದು ಸಣ್ಣ ಬಾಟಲಿಯಲ್ಲಿ ಎತ್ತಿಡುವ ಪದ್ಧತಿ ನಮ್ಮದು. ಶನಿವಾರ ಎಂಟೂ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತೆ. ಏಳನೆಯದು ಸ್ವಲ್ಪ ಮಸುಕಾಗಿತ್ತು. ಅಲುಗಿಸಿದರೆ ಉಳಿದವುಗಳಿಗಿಂತ ತೆಳ್ಳಗೆ ಓಡಾಡುತ್ತಿತ್ತು. ನೀರಿನಲ್ಲಿ ಎಷ್ಟು ಲವಣ ಕರಗಿದೆ ಎಂದು ಅಳೆಯುವ ಮೀಟರನ್ನು ಒಂದೊಂದರಲ್ಲೂ ಅದ್ದಿದೆ. ಉಳಿದ ಏಳು ಬಾಟಲಿಗಳಲ್ಲಿ ಮೀಟರು ನಿದ್ದೆ ಹೊಡೆಯಿತು. ಏಳನೇ ಟ್ರಯಲ್‌ನದರಲ್ಲಿ ಒಮ್ಮೆಲೇ ಎಗರಿತು. ಅದರೊಳಗೆ ಉಪ್ಪಿತ್ತು. ನನ್ನ ಫಾರ್ಮುಲಾದಲ್ಲಿ ಉಪ್ಪೇ ಇಲ್ಲ. ರೆಕಾರ್ಡು ತೆಗೆದು ನೋಡಿದೆ: ನೀರು, ಶುದ್ಧೀಕರಿಸಿದ್ದು. ಅಣ್ಣನ ಸಹಿ. ಉಪ್ಪು ಎಲ್ಲಿಂದ ಬಂತೆಂದು ಸಂಜೆಯವರೆಗೆ ತಲೆ ಕೆಡಿಸಿಕೊಂಡರೂ ಹೊಳೆಯಲಿಲ್ಲ.

ಹೊಳೆಯಿಸಿದ್ದು ನಮ್ಮತ್ತೆ. ನಾವಿರುವುದು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ. ಕಾವೇರಿ ನೀರು ಬಾರದ ದಿನ ಬೋರ್‌ವೆಲ್ಲೇ ಗತಿ. ಅದರ ಗಡಸು ತೆಗೆಯಲು ಕೆಳಗೆ ಸಾಫ್ಟ್ನರ್ ಇದೆ, ಆ ಸಾಫ್ಟ್ನರಿಗೆ ವಾರಕ್ಕೊಂದೆರಡು ಸಲ ಮೂಟೆಯಿಂದ ಕಲ್ಲುಪ್ಪು ಸುರಿದು ತೊಳೆಯುತ್ತಾರೆ. ಭಾನುವಾರ ಬೆಳಿಗ್ಗೆ ಅತ್ತೆ ಕಾಫಿಯ ಮೊದಲ ಗುಟುಕನ್ನೇ ಸಿಂಕಿಗೆ ಉಗಿದು, ಇದೇನು ಕಾಫಿಗೆ ಉಪ್ಪು ಹಾಕಿ ಒಗ್ಗರಣೆ ಕೊಟ್ಟಿದ್ದೀಯಾ ಎಂದು ಕೇಳಿದರು. ಜಯನಗರದಲ್ಲಿ ಹುಟ್ಟಿ ಬೆಳೆದವರು, ಕಾಫಿಯ ವಿಷಯದಲ್ಲಿ ಕ್ಷಮೆಯಿಲ್ಲ. ಕುಡಿಯುವ ನೀರಿನ ಫಿಲ್ಟರ್ ಕೆಟ್ಟಿದ್ದರಿಂದ ನಲ್ಲಿ ನೀರನ್ನೇ ಕುದಿಸಿ ಡಿಕಾಕ್ಷನ್ ಹಾಕಿದ್ದೆ. ಕೆಳಗೆ ಫೋನ್ ಮಾಡಿ ಕೇಳಿದರೆ ಸೆಕ್ಯುರಿಟಿಯವರು, ಸಾಫ್ಟ್ನರಿಗೆ ಉಪ್ಪು ಹಾಕಿದ್ದಾರೆ, ಪೂರ್ತಿ ತೊಳೆಯುವ ಮೊದಲೇ ಯಾರೋ ವಾಲ್ವ್ ತಿರುಗಿಸಿಬಿಟ್ಟಿದ್ದಾರೆ ಅಂದರು. ಲ್ಯಾಬಿನ ಹಿತ್ತಲಲ್ಲೂ ಅಂಥದೇ ಸಾಫ್ಟ್ನರ್ ಇದೆ. ಏಳನೇ ಟ್ರಯಲ್‌ನ ಬೆಳಿಗ್ಗೆ ಶುದ್ಧ ನೀರಿನ ಟ್ಯಾಂಕನ್ನು ತೊಳೆಯಲು ಖಾಲಿ ಮಾಡಿದ್ದರು ಎಂಬುದು ಆಗ ನೆನಪಾಯಿತು.

ಸೋಮವಾರ ಬೇಗ ಹೋದೆ. ಅಣ್ಣ ಹಿತ್ತಲಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದರು. ಪಕ್ಕದಲ್ಲೇ ಸಾಫ್ಟ್ನರ್, ಅದರ ಹಿಂದೆ ಉಪ್ಪಿನ ಮೂಟೆಗಳು. ಕೂಗಾಡಬಾರದು ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಏಳನೇದಕ್ಕೆ ನೀರು ಎಲ್ಲಿಂದ ತಗೊಂಡಿರಿ ಎಂದು ಕೇಳಿದೆ. ಅವರು ಹೆಲ್ಮೆಟ್ ತೆಗೆದು ಸೀಟಿನ ಮೇಲಿಟ್ಟರು. ಮೂಟೆಗಳ ಕಡೆ ನೋಡಿದರು.

ಸುಳ್ಳು ಹೇಳಲಿಲ್ಲ. ಟ್ಯಾಂಕು ಖಾಲಿಯಿತ್ತು, ತುಂಬುವುದು ಸಂಜೆಯಾಗುತ್ತದೆ ಅಂದಿದ್ದರು, ನಾನು ಹನ್ನೆರಡರ ಗಡುವು ಕೊಟ್ಟಿದ್ದೆ. ಸಾಫ್ಟ್ನರಿನ ನಲ್ಲಿಯಿಂದ ಕ್ಯಾನು ತುಂಬಿಸಿದರು. ಅದಕ್ಕೆ ಅವತ್ತು ಬೆಳಿಗ್ಗೆ ಉಪ್ಪು ಹಾಕಿದ್ದು ಅವರಿಗೆ ಗೊತ್ತಿರಲಿಲ್ಲ. ರೆಕಾರ್ಡಿನಲ್ಲಿ ಅಭ್ಯಾಸಬಲದಿಂದ ಶುದ್ಧ ನೀರು ಎಂದೇ ಬರೆದುಬಿಟ್ಟರು. ಪುಡಿ ಚೆನ್ನಾಗಿ ಬಂದಾಗ ಹೇಳಬೇಕು ಅನಿಸಿತು. ಅಷ್ಟರಲ್ಲಿ ಮೈಸೂರ್‌ಪಾಕ್ ಬಂತು.

"ನಂದಲ್ಲದ ತಪ್ಪಿಗೆ ಎರಡು ಸಲ ಸೈನ್ ಹಾಕ್ದೆ ಮೇಡಂ. ಇದು ನಿಜವಾಗ್ಲೂ ನಂದೇ. ಬಾಯೇ ಬರ್ಲಿಲ್ಲ."

ಔಷಧಿಯ ಕೆಲಸದಲ್ಲಿ ಸುಳ್ಳು ಎಂಟ್ರಿ ಎಂದರೆ ಮೂರು ತಪ್ಪುಗಳಿಗಿಂತ ದೊಡ್ಡದು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಟ್ರಯಲ್‌ಗಳು ಪರೀಕ್ಷೆಗಷ್ಟೇ, ಯಾವ ಮಗುವಿನ ಬಾಯಿಗೂ ಹೋಗುವುದಿಲ್ಲ. ಆದರೂ ನಿಯಮ ನಿಯಮವೇ. ನನಗೆ ಒಂದು ಉಪಾಯ ಹೊಳೆಯಿತು, ಅದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ಏಳನೇದನ್ನು ಹಾಗೇ ಬಿಟ್ಟುಬಿಡೋಣ, ಉಪ್ಪಿನ ಯೋಚನೆ ನನಗೇ ಬಂತೆಂದು ಹೊಸ ರಿಪೋರ್ಟು ಬರೆಯುತ್ತೇನೆ, ನಿಮ್ಮ ವಿಷಯ ಯಾರಿಗೂ ತಿಳಿಯುವುದಿಲ್ಲ ಅಂದೆ. ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ನನ್ನ ಹೆಸರು ಮೇಲಾಗುವುದೂ ಅದರಲ್ಲಿತ್ತು.

"ಬೇಡ ಮೇಡಂ. ಐದು, ಆರು ನಂದಲ್ಲ ಅನ್ನೋಕೆ ಏಳು ನಂದು ಅಂತ ಒಪ್ಕೋಬೇಕಲ್ಲ."

ಒಳಗೆ ಹೋಗಿ ಏಳನೇ ರೆಕಾರ್ಡು ತೆಗೆಸಿದರು. ಶುದ್ಧೀಕರಿಸಿದ್ದು ಎಂಬ ಪದದ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಾಫ್ಟ್ನರ್ ನೀರು ಎಂದು ಬರೆದರು. ಸಹಿ, ತಾರೀಕು. ನಾನು ಕಲಿಸಿದ ಹಾಗೇ, ಗೆರೆಯ ಕೆಳಗಿನ ಅಕ್ಷರ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಐದು, ಆರರ ಪುಟಗಳೂ ಅಲ್ಲೇ ಇದ್ದವು. ನಾನು ಪೆನ್ನು ತೆಗೆಯಲಿಲ್ಲ. ಉಪ್ಪೇ ಕಾರಣ ಎಂದು ಸಾಬೀತಾಗಲಿ, ಆಮೇಲೆ ತಿದ್ದುತ್ತೇನೆ ಅಂದೆ. ಕಾರಣ ಗೊತ್ತಿಲ್ಲದೆ ಅವರ ಮೇಲೆ ಬರೆಯುವಾಗ ನನಗೆ ಸಾಬೀತು ಬೇಕಾಗಿರಲಿಲ್ಲ. ಅವರು ಏಳನೇದನ್ನು ಮುಚ್ಚಿ ಡೈರೆಕ್ಟರ ಬಳಿ ಒಯ್ದರು.

ಡೈರೆಕ್ಟರು ಅವತ್ತೇ ಅವರನ್ನು ಮಶೀನಿನಿಂದ ತೆಗೆದರು. ರೆಕಾರ್ಡ್ ಬರೆಯುವ ತರಬೇತಿಗೆ ಮತ್ತೆ ಕೂರಬೇಕು. ಆಮೇಲೆ ಜವಾಬ್ದಾರಿಯುತ ವ್ಯಕ್ತಿಯೊಬ್ಬರ ಎದುರಿಗೆ ಒಂದು ಟ್ರಯಲ್ ನಡೆಸಬೇಕು. ಆ ವ್ಯಕ್ತಿ ಅರ್ಹರು ಎಂದು ಬರೆದುಕೊಟ್ಟರೆ ಮಶೀನು, ಇಲ್ಲದಿದ್ದರೆ ಪ್ಯಾಕಿಂಗ್. ತರಬೇತಿ ಕೊಡುವವಳೂ ಜವಾಬ್ದಾರಿಯುತ ವ್ಯಕ್ತಿಯೂ ನಾನೇ. ಕಾಲೇಜು ಮುಗಿಸಿ ಬಂದ ಹೊಸಬರ ನಡುವೆ ಅವರು ಓದುವ ಕನ್ನಡಕ ಹಾಕಿಕೊಂಡು ನೋಟ್ಸ್ ಬರೆದುಕೊಂಡರು. ತಪ್ಪು ತಿದ್ದುವ ಗೆರೆಯ ಪಾಠ ಬಂದಾಗ ನನ್ನ ಬಾಯಿಪಾಠ ಎರಡು ಸಲ ತಪ್ಪಿತು.

ಅಷ್ಟರಲ್ಲಿ ಒಂಬತ್ತನೇ ಟ್ರಯಲ್ ಮಾಡಿದೆ, ಬೇರೆ ಆಪರೇಟರನ್ನು ಇಟ್ಟುಕೊಂಡು. ಶುದ್ಧ ನೀರಿಗೆ ತೂಕ ಮಾಡಿದ ಉಪ್ಪು ಹಾಕಿ ಅದರಲ್ಲಿ ಅಂಟನ್ನು ಕರಗಿಸಿದ್ದು. ಉಪ್ಪು, ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಆಗ ಅಂಟಿನ ಜಿಗುಟು ಕಡಿಮೆಯಾಗುತ್ತದೆ, ಒದ್ದೆ ಕಣಗಳು ತಗಲಿದರೂ ಹಿಡಿದುಕೊಳ್ಳದೆ ಬಿಟ್ಟುಕೊಡುತ್ತವೆ. ಪುಸ್ತಕದಲ್ಲಿ ಹುಡುಕಿದರೆ ಇದು ಯಾರಿಗೋ ಆಗಲೇ ಗೊತ್ತಿದ್ದ ವಿಷಯ, ನನಗಷ್ಟೇ ಗೊತ್ತಿರಲಿಲ್ಲ. ಸ್ವಲ್ಪಕ್ಕೇ ಇಷ್ಟು ಗುಣವಿದ್ದರೆ ಜಾಸ್ತಿಗೆ ಎಷ್ಟಿರಬೇಡ ಎಂದು ಧಾರಾಳವಾಗಿ ಹಾಕಿದೆ. ಲೇಪದ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಯಿತು, ಅಂಟು ಬೇರೆಯಾಗಿ ಎಳೆಎಳೆಯಾಗಿ ಕೂತಿತು, ಸಿಂಪಡಿಸುವ ಮೂತಿ ಕಟ್ಟಿಕೊಂಡು ಮಶೀನು ನಿಂತಿತು. ಮಶೀನ್ ಕೋಣೆಯ ಟೋಪಿ ಹಾಕಿಕೊಂಡೇ ಅಣ್ಣ ಬಾಗಿಲ ಗಾಜಿನಿಂದ ನೋಡಿದರು. ಒಳಗೆ ಬರುವ ಹಾಗಿರಲಿಲ್ಲ. ಊಟದ ಕೋಣೆಯಲ್ಲಿ ಸಿಕ್ಕಾಗ, ಏಳನೇ ಬಾಟಲಿಯಲ್ಲಿ ಎಷ್ಟಿತ್ತೋ ಅಷ್ಟೇ ಹಾಕಬಹುದಿತ್ತಲ್ಲ ಅಂದರು. ಅದನ್ನು ಅಳೆಯುವ ಮೀಟರು ನನ್ನ ಮೇಜಿನ ಮೇಲೇ ಇತ್ತು. ಇಂಥ ಸಣ್ಣ ಬುದ್ಧಿ ನನಗೇಕೆ ಹೊಳೆಯಲಿಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಹತ್ತನೇ ಟ್ರಯಲ್ ಅವರದು. ನಾನು ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಅರ್ಹತೆಯ ಫಾರಂ ಇಟ್ಟುಕೊಂಡು ಕೂತೆ. ಉಪ್ಪನ್ನು ಬಾಟಲಿಯ ಅಳತೆಗೆ ಸರಿಯಾಗಿ ತೂಗಿದ್ದೆವು. ಮಗುವಿನ ಒಂದು ಡೋಸಿನಲ್ಲಿ ಅದು ಬೆರಳ ತುದಿಗೆ ಅಂಟುವಷ್ಟೂ ಇರುವುದಿಲ್ಲ, ಆದರೂ ಲೆಕ್ಕವನ್ನು ರಿಪೋರ್ಟಿಗೆ ಸೇರಿಸಿದ್ದೆ. ಅಣ್ಣ ನೀರಿನ ಕ್ಯಾನನ್ನು ನನ್ನ ಮುಂದೆ ತಂದು ಲೇಬಲ್ಲು ತೋರಿಸಿದರು. ನಾನು ಓದಿ ತಲೆಯಾಡಿಸಿದೆ. ಮಶೀನು ಶುರುವಾಯಿತು. ಅವರು ಕಿಂಡಿಗೆ ಅಂಗೈ ಇಟ್ಟು ನಿಂತರು.

ಒಂದು ಗಂಟೆಯಾಯಿತು. ಎಂಟನೇದು ಕುಸಿದ ಹೊತ್ತು ಅದು. ಸದ್ದು ಬದಲಾಗಲಿಲ್ಲ. ಮಧ್ಯೆ ಒಮ್ಮೆ ಅವರು ತಲೆ ಎತ್ತಿ ಗಾಳಿಯನ್ನು ಕೂದಲೆಳೆಯಷ್ಟು ಏರಿಸಿದರು, ನನಗೆ ಏನೂ ಕೇಳಿಸಿರಲಿಲ್ಲ. ಮುಳ್ಳು ಅಲುಗಿದ್ದು ಅದಾದ ಮೇಲೆ. ಮೂರು ಗಂಟೆ ನಾನು ಎದ್ದು ಹೋಗಲಿಲ್ಲ, ಫೋನ್ ನೋಡಲಿಲ್ಲ. ಎಂಟನೇದು ಅರ್ಧಕ್ಕೇ ಕೆಟ್ಟಿತ್ತು, ಇಷ್ಟು ವರ್ಷದಲ್ಲಿ ಒಂದು ಬ್ಯಾಚನ್ನು ಆರಂಭದಿಂದ ಕೊನೆಯವರೆಗೆ ಅವರ ಪಕ್ಕದಲ್ಲಿ ಕೂತು ನೋಡಿದ್ದು ಅದೇ ಮೊದಲು. ಪುಡಿಯನ್ನು ಜರಡಿಗೆ ಸುರಿದರು. ಎಲ್ಲ ಕೆಳಗಿಳಿಯಿತು, ಮೇಲೆ ಏನೂ ಉಳಿಯಲಿಲ್ಲ.

ಐದು ಮತ್ತು ಆರನೇ ರೆಕಾರ್ಡುಗಳನ್ನು ಮೊದಲೇ ತರಿಸಿಟ್ಟುಕೊಂಡಿದ್ದೆ. ಅವರ ಎದುರಿಗೇ ಬಿಡಿಸಿದೆ. ಆಪರೇಟರ್ ತಪ್ಪು ಎಂಬಲ್ಲಿಂದ ಸಾಲಿನ ಕೊನೆಯವರೆಗೆ ಒಂದೇ ಗೆರೆ ಎಳೆದೆ, ಎರಡರಲ್ಲೂ. ಪಕ್ಕದಲ್ಲಿ ಬರೆದೆ: ಕಾರಣ, ಲೇಪದ ಫಾರ್ಮುಲಾ. ಫಾರ್ಮುಲಾ ನನ್ನದು. ಸಹಿ, ತಾರೀಕು. ಆರನೇದರ ಗೆರೆ ಸ್ವಲ್ಪ ಸೊಟ್ಟಗಿದೆ. ತಪ್ಪಾಯಿತು ಅಣ್ಣ ಅಂದೆ. ಅವರು ಕೈಗವಸು ಬಿಚ್ಚುತ್ತಾ ಗೆರೆಯ ಕೆಳಗಿನದನ್ನೂ ಪಕ್ಕದಲ್ಲಿದ್ದದ್ದನ್ನೂ ಓದಿದರು.

ಆಮೇಲೆ ತೊಡೆಯ ಮೇಲಿದ್ದ ಫಾರಂ. ಮಶೀನು ನಡೆಸಲು ಅರ್ಹರೇ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಮಾಡಿದೆ. ಅದರ ಕೆಳಗೆ, ಯಾವ ಆಧಾರದ ಮೇಲೆ ಎಂದು ಬರೆಯಲು ಎರಡು ಸಾಲಿನ ಜಾಗವಿರುತ್ತದೆ. ಅಲ್ಲಿ ಎಲ್ಲರೂ ಬರೆಯುವ ಒಂದು ಉದ್ದದ ವಾಕ್ಯವಿದೆ, ನಾನೂ ಎಷ್ಟೋ ಜನಕ್ಕೆ ಅದನ್ನೇ ಬರೆದಿದ್ದೇನೆ. ಅವತ್ತು ಎರಡೇ ಪದ ಬರೆದೆ.

ನಾನು ನೋಡಿದೆ.

ಸಹಿ ಹಾಕಲು ಫಾರಮನ್ನು ಅವರ ಕಡೆ ತಿರುಗಿಸಿದೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಸಹಿ ಮಾಡಿ ಪೆನ್ನಿಗೆ ಕ್ಯಾಪು ಹಾಕಿ, ಮಶೀನು ಬಿಸಿ ಆರುವುದರೊಳಗೆ ತೊಳೆದುಬಿಡುತ್ತೇನೆ ಎಂದು ಎದ್ದರು.